ಅರಾಮಿಕ್ ಪದಗಳ ಬಾಲ ಹಿಡಿದು

ಪಶ್ಚಿಮ ಏಷ್ಯಾದ ಪ್ರಾಚೀನ ಭಾಷೆ ಅರಾಮಿಕ್‌ನ ಮಾತು ಬಂದರೆ ಎಲ್ಲರೂ ಮೊದಲು ಹೇಳುವುದು ಮೂರಕ್ಷರದ ಧಾತುವಿನ ಕತೆ. ಕ-ತ-ಬ ಅಂದರೆ ಬರವಣಿಗೆ. ಶ-ಲ-ಮ ಅಂದರೆ ನೆಮ್ಮದಿ. ಮೂರು ವ್ಯಂಜನಗಳು ಗಟ್ಟಿಯಾಗಿ ನಿಲ್ಲುತ್ತವೆ, ನಡುವಿನ ಸ್ವರ ಬದಲಾದ ಹಾಗೆ ಅರ್ಥ ಬದಲಾಗುತ್ತದೆ. ಕೇಳೋಕೆ ಚೆನ್ನಾಗಿರುತ್ತದೆ, ನಿಜವೂ ಹೌದು. ಆದರೆ ನನ್ನ ಕಣ್ಣು ಯಾವಾಗಲೂ ಹೋಗುವುದು ಪದದ ಬಾಲಕ್ಕೆ.

ಅದಕ್ಕೆ ನನ್ನ ಕೆಲಸವೂ ಕಾರಣ ಇರಬಹುದು. ಹಗಲೆಲ್ಲ ಕನ್ನಡದ ಪ್ರೂಫ್ ನೋಡುತ್ತೇನೆ. ‘ಅನ್ನು’ ಎಲ್ಲಿ ಬಿಟ್ಟುಹೋಗಿದೆ, ‘ಇಗೆ’ ಇರಬೇಕಾದ ಕಡೆ ‘ಇಂದ’ ಹೇಗೆ ಬಂತು, ಕರ್ತೃ ಬಹುವಚನ ಆದರೆ ಕ್ರಿಯಾಪದ ಯಾಕೆ ಏಕವಚನದಲ್ಲಿದೆ, ಇದೇ ಲೋಕ. ಸಂಜೆ ಸಿರಿಯಾಕ್ ಕಲಿಯುತ್ತೇನೆ. ಕೋಟ್ಟಯಂನಲ್ಲಿ ಓದಿ ಬಂದ ಪಾದ್ರಿಯೊಬ್ಬರು ಆನ್‌ಲೈನ್‌ನಲ್ಲಿ ಪಾಠ ಹೇಳುತ್ತಾರೆ. ಸಿರಿಯಾಕ್ ಅಂದರೆ ಅರಾಮಿಕ್‌ನದೇ ಒಂದು ರೂಪ. ಇವತ್ತಿನ ಟರ್ಕಿಯ ಉರ್ಫಾ, ಅಂದಿನ ಎಡೆಸ್ಸಾ, ಅದರ ತವರು.

ಈ ಭಾಷೆ ನನ್ನ ಕಿವಿಗೆ ಹೊಸದಲ್ಲ. ನಾನು ಬೆಳೆದದ್ದು ದಕ್ಷಿಣ ಕನ್ನಡದ ನೆಲ್ಯಾಡಿ ಕಡೆ. ಕಳೆದ ಶತಮಾನದ ನಡುಭಾಗದಿಂದ ಕೇರಳದ ಎಷ್ಟೋ ಸಿರಿಯನ್ ಕ್ರೈಸ್ತ ಕುಟುಂಬಗಳು ಆ ಕಡೆ ಬಂದು, ಕಾಡು ಕಡಿದು, ರಬ್ಬರ್ ಹಾಕಿ ನೆಲೆ ನಿಂತವು. 1999ರಲ್ಲಿ ಬೆಳ್ತಂಗಡಿಗೆ ಅವರದೇ ಧರ್ಮಪ್ರಾಂತ್ಯವೂ ಬಂತು. ನಮ್ಮ ಪಕ್ಕದ ಮನೆಯವರ ಮಲಯಾಳದ ನಡುವೆ ಶ್ಲೀಹಾ, ಸ್ಲೀವಾ, ಮಿಶಿಹಾ, ಮಾಮೋದೀಸಾ (ದೀಕ್ಷಾಸ್ನಾನ), ಶೆಮ್ಮಾಶನ್ (ಪಾದ್ರಿಯ ಸಹಾಯಕ), ಮಾಲಾಖಾ (ದೇವದೂತ) ಅನ್ನುವ ಪದಗಳು ಓಡಾಡುತ್ತಿದ್ದವು. ಇವೆಲ್ಲ ಮಲಯಾಳ ಅಂತಲೇ ನಾವು ತಿಳಿದಿದ್ದೆವು. ಒಂದೂ ಮಲಯಾಳದ್ದಲ್ಲ. ಎಲ್ಲವೂ ಸಿರಿಯಾಕ್.

ಇದರಲ್ಲಿ ಮೊದಲ ಮೂರನ್ನು ಒಮ್ಮೆ ಜೋರಾಗಿ ಹೇಳಿ ನೋಡಿ. ಶ್ಲೀಹಾ, ಸ್ಲೀವಾ, ಮಿಶಿಹಾ. ಕೊನೆಯದು ಸಿರಿಯಾಕ್‌ನಲ್ಲಿ ‘ಮ್ಶೀಹಾ’. ಮೂರರಲ್ಲೂ ಎರಡನೇ ವ್ಯಂಜನದ ಮೇಲೆ ಒಂದು ಉದ್ದದ ‘ಈ’ ಕೂತಿದೆ. ಅದು ಸುಮ್ನೆ ಬಂದದ್ದಲ್ಲ. ಆ ‘ಈ’ ಬಂದರೆ ‘ಹಾಗೆ ಮಾಡಲ್ಪಟ್ಟದ್ದು’ ಅಂತ ಅರ್ಥ. ಶ-ಲ-ಹ ಅಂದರೆ ಕಳಿಸು, ಶ್ಲೀಹಾ ಅಂದರೆ ಕಳಿಸಲ್ಪಟ್ಟವನು, ಅಪೊಸ್ತಲ. ಸ-ಲ-ಬ ಅಂದರೆ ಶಿಲುಬೆಗೆ ಏರಿಸು, ಅದರಿಂದ ಸ್ಲೀವಾ, ಅಂದರೆ ಶಿಲುಬೆ. ಮ-ಶ-ಹ ಅಂದರೆ ಎಣ್ಣೆ ಹಚ್ಚು, ಮ್ಶೀಹಾ ಅಂದರೆ ಅಭಿಷೇಕ ಆದವನು. ಅದೇ ಅಚ್ಚಿನಲ್ಲಿ ಕ-ತ-ಬ ಹಾಕಿದರೆ ‘ಕ್ಥೀವ್’, ಬರೆಯಲ್ಪಟ್ಟದ್ದು. ಈ ‘ಕ್ಥೀವ್’ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

(ಕ-ತ-ಬ ಹೇಗೆ ಕ್ಥೀವ್ ಆಯಿತು ಅಂತ ಕೇಳಬಹುದು. ಬ, ಗ, ದ, ಕ, ಪ, ತ ಈ ಆರು ಅಕ್ಷರಗಳು ಸ್ವರದ ನಂತರ ಬಂದರೆ ಮೆತ್ತಗಾಗುತ್ತವೆ. ಬ ‘ವ’ ಆಗುತ್ತದೆ, ಕ ಹೆಚ್ಚುಕಡಿಮೆ ‘ಖ’ ಆಗುತ್ತದೆ. ಗಟ್ಟಿ ಉಚ್ಚಾರಕ್ಕೆ ಅಕ್ಷರದ ಮೇಲೆ ಚುಕ್ಕೆ, ಮೆತ್ತನೆಯದಕ್ಕೆ ಕೆಳಗೆ ಚುಕ್ಕೆ.)

ಕನ್ನಡಿಗರಿಗೆ ಧಾತುಗಳ ಪರಿಚಯ ಬೇರೆ ದಾರಿಯಿಂದಲೂ ಇದೆ. ಪಾರ್ಸಿ, ಉರ್ದು ಮೂಲಕ ನಮಗೆ ಬಂದ ಸಲಾಂ, ಕಿತಾಬು, ಮಸೀದಿ, ಕುರ್ಬಾನಿ, ತರ್ಜುಮೆ ಎಲ್ಲ ಅರಬ್ಬಿಯವು. ಅರಬ್ಬಿ ಮತ್ತು ಅರಾಮಿಕ್ ಒಂದೇ ಕುಟುಂಬದ ಭಾಷೆಗಳು. ಇವುಗಳಲ್ಲಿ ಕೆಲವನ್ನು ಅರಬ್ಬಿಯೇ ಅರಾಮಿಕ್‌ನಿಂದ ತೆಗೆದುಕೊಂಡಿದೆ ಅಂತ ವಿದ್ವಾಂಸರು ಹೇಳುತ್ತಾರೆ. ಮಸೀದಿಯ ಸ-ಗ-ದ ಧಾತು, ಅಂದರೆ ಬಾಗು, ನಮಿಸು, ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿ ಸಿಕ್ಕ ಕ್ರಿ.ಪೂ. 5ನೇ ಶತಮಾನದ ಅರಾಮಿಕ್ ಕಾಗದಗಳಲ್ಲೇ ಇದೆ. ಮುಂದೆ ಒಂದು ‘ಮ’ ಸೇರಿಸಿಕೊಂಡೇ ಇದೆ. ಇಸ್ಲಾಂಗಿಂತ ಸಾವಿರ ವರ್ಷ ಹಿಂದಿನ ಮಾತು ಅದು.

ಕ-ರ-ಬ ಅಂದರೆ ಹತ್ತಿರ ಬಾ. ಹತ್ತಿರ ತಂದು ಅರ್ಪಿಸಿದ್ದು ‘ಕುರ್ಬಾನಾ’. ನೆಲ್ಯಾಡಿಯ ಇಗರ್ಜಿಯಲ್ಲಿ ಭಾನುವಾರ ಕುರ್ಬಾನ, ಪಕ್ಕದ ಬೀದಿಯಲ್ಲಿ ಬಕ್ರೀದಿಗೆ ಕುರ್ಬಾನಿ. ಎರಡೂ ಒಂದೇ ಧಾತು. ಸಿರಿಯಾಕ್‌ನಲ್ಲಿ ಇದೇ ಧಾತುವಿನಿಂದ ‘ಕ್ರಾವಾ’ ಅಂತ ಇನ್ನೊಂದು ಪದ ಇದೆ. ಅದರ ಅರ್ಥ ಯುದ್ಧ. ಮೈಗೆ ಮೈ ತಾಗುವಷ್ಟು ಹತ್ತಿರ ಬಂದರೆ ಪೂಜೆಯೂ ಆಗಬಹುದು, ಕಾದಾಟವೂ ಆಗಬಹುದು ಅಲ್ವಾ?

ತರ್ಜುಮೆ ಇನ್ನೂ ದೂರದ್ದು. ಯೆಹೂದಿ ಸಭಾಮಂದಿರಗಳಲ್ಲಿ ಹೀಬ್ರೂ ಗ್ರಂಥ ಓದಿದ ಮೇಲೆ, ಜನಕ್ಕೆ ಗೊತ್ತಾಗಲಿ ಅಂತ ಅರಾಮಿಕ್‌ನಲ್ಲಿ ಅದನ್ನೇ ಹೇಳುತ್ತಿದ್ದರು. ಅದಕ್ಕೆ ‘ತರ್ಗುಮ್’ ಅಂತ ಹೆಸರು. ಅದಕ್ಕೂ ಹಿಂದೆ ಪ್ರಾಚೀನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ ‘ತರ್ಗುಮನ್ನು’ ಅಂದರೆ ದುಭಾಷಿ. ಇದರಲ್ಲಿ ನಾಲ್ಕು ವ್ಯಂಜನಗಳಿವೆ, ಮೂರರ ಲೆಕ್ಕಕ್ಕೆ ಸಿಗುವುದಿಲ್ಲ. ಆದರೂ ಅರಾಮಿಕ್ ಅದನ್ನು ತನ್ನ ಅಚ್ಚಿಗೆ ಹಾಕಿಕೊಂಡು ‘ತರ್ಗೆಮ್’, ಅವನು ತರ್ಜುಮೆ ಮಾಡಿದ, ಅಂತ ಕ್ರಿಯಾಪದವನ್ನೇ ಮಾಡಿಕೊಂಡಿತು.

ಬುಡದ ಮಾತು ಇಷ್ಟು ಸಾಕು.

ಕೇರಳದ ಸಿರಿಯನ್ ಬಿಷಪ್ಪರ ಹೆಸರಿನ ಮುಂದೆ ‘ಮಾರ್’ ಅಂತ ಇರುತ್ತದೆ. ಬೆಳ್ತಂಗಡಿ ಕಡೆಯ ಬೋರ್ಡುಗಳಲ್ಲಿ ಕನ್ನಡದಲ್ಲೂ ಬರೆದಿರುತ್ತಾರೆ. ಮಾರ್ ಅಂದರೆ ಒಡೆಯ ಅಂತ ಎಲ್ಲರೂ ಹೇಳುತ್ತಾರೆ. ಸರಿಯಾಗಿ ಹೇಳಬೇಕಂದರೆ ‘ನನ್ನ ಒಡೆಯ’. ಸಿರಿಯಾಕ್‌ನಲ್ಲಿ ಈ ಪದಕ್ಕೆ ಮೂರು ಅಕ್ಷರ: ಮೀಮ್, ರೇಶ್, ಯೂದ್. ಕೊನೆಯ ಯೂದ್ ಅಂದರೆ ‘ಯ’, ಅದು ‘ನನ್ನ’ ಅನ್ನುವ ಪ್ರತ್ಯಯ. ಕಾಗದದ ಮೇಲೆ ಇದೆ, ಬಾಯಲ್ಲಿ ಇಲ್ಲ. ಹಿಂದೆ ಯಾವಾಗಲೋ ‘ಮಾರೀ’ ಅನ್ನುತ್ತಿದ್ದರು. ಪದದ ಕೊನೆಯ ಒತ್ತಿಲ್ಲದ ಸ್ವರ ಉದುರಿ ‘ಮಾರ್’ ಉಳಿಯಿತು. ಬರೆಯುವವರು ಮಾತ್ರ ಆ ಯೂದ್ ಬಿಡಲಿಲ್ಲ. ‘ನನ್ನ ರಾಜ’ ಅನ್ನುವುದಕ್ಕೂ ಹೀಗೇ, ಬರೆಯುವುದು ಯೂದ್ ಸಮೇತ, ಓದುವುದು ‘ಮಲ್ಕ್’ ಅಂತ.

ಇದೇ ಮೂಕ ಯೂದ್ ಹೊಸ ಒಡಂಬಡಿಕೆಯಲ್ಲೂ ಒಂದು ಕಡೆ ಸಿಗುತ್ತದೆ. ಮಾರ್ಕನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಸತ್ತ ಹುಡುಗಿಯ ಕೈ ಹಿಡಿದು ‘ತಲಿಥಾ ಕೂಮ್’ ಅನ್ನುತ್ತಾನೆ. ಹುಡುಗಿ, ಏಳು. ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲಿ ಪಾಠಭೇದ ಇದೆ. ಕೆಲವದರಲ್ಲಿ ‘ಕೂಮ್’, ಕೆಲವದರಲ್ಲಿ ‘ಕೂಮೀ’. ವ್ಯಾಕರಣದ ಪ್ರಕಾರ ಗಂಡಿಗೆ ಕೂಮ್, ಹೆಣ್ಣಿಗೆ ಕೂಮೀ. ಹಾಗಾದರೆ ಹುಡುಗಿಗೆ ಕೂಮೀ ಅನ್ನಬೇಕಿತ್ತು. ಆದರೆ ಆಡುಮಾತಿನಲ್ಲಿ ಆ ‘ಈ’ ಆಗಲೇ ಬಿದ್ದುಹೋಗಿದ್ದರೆ ಹುಡುಗಿಗೂ ‘ಕೂಮ್’ ಅಂತಲೇ ಕೇಳಿಸುತ್ತದೆ. ಸಿರಿಯಾಕ್‌ನಲ್ಲಿ ನಡೆದದ್ದು ಅದೇ. ಬರೆಯುವಾಗ ಹೆಣ್ಣಿಗೆ ಯೂದ್, ಓದುವಾಗ ಇಬ್ಬರಿಗೂ ಕೂಮ್. ಎರಡು ಪಾಠಗಳಲ್ಲಿ ಒಂದು ಕಿವಿಯನ್ನು ನಂಬಿದೆ, ಇನ್ನೊಂದು ವ್ಯಾಕರಣವನ್ನು ನಂಬಿದೆ ಅಂತ ನನಗೆ ಅನ್ನಿಸುತ್ತದೆ. ಪ್ರೂಫ್ ನೋಡುವವರಿಗೆ ಈ ಜಗಳ ದಿನಾ ಇದ್ದದ್ದೇ.

ಬಾಲ ಉದುರಿದರೆ ತೊಂದರೆ ಆಗುವ ಜಾಗವೂ ಇದೆ. ‘ಅವನು ಬರೆದ’ ಅನ್ನುವುದಕ್ಕೆ ಸಿರಿಯಾಕ್‌ನಲ್ಲಿ ‘ಕ್ಥವ್’. ‘ಅವರು ಬರೆದರು’ ಅನ್ನುವುದಕ್ಕೆ ಕೊನೆಯಲ್ಲಿ ಒಂದು ‘ಊ’ ಇತ್ತು. ಅದೂ ಉದುರಿತು. ಈಗ ಒಬ್ಬ ಬರೆದರೂ ‘ಕ್ಥವ್’, ಹತ್ತು ಜನ ಬರೆದರೂ ‘ಕ್ಥವ್’. ಕನ್ನಡದಲ್ಲಿ ನಾವು ‘ಬರೆದನು’ವಿನ ‘ನು’ ಬಿಟ್ಟು ‘ಬರೆದ’ ಅನ್ನುತ್ತೇವೆ, ಆದರೆ ‘ಬರೆದ್ರು’ವಿನ ‘ರು’ ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ಅದೂ ಹೋಗಿದ್ದರೆ ನಮಗೂ ಇದೇ ಗತಿ. ಸಿರಿಯಾಕ್‌ನವರು ಬೇರೆ ಕಡೆಯಿಂದ ‘ಊನ್’ ತಂದು ಅಂಟಿಸಿಕೊಂಡರು. ‘ಕ್ಥವೂನ್’ ಅಂದರೆ ಅನುಮಾನವಿಲ್ಲದೆ ಬಹುವಚನ. ಹಳೆಯ ರೂಪವೂ ಹೊಸ ರೂಪವೂ ಒಂದೇ ಪುಟದಲ್ಲಿ ಸಿಗುತ್ತವೆ.

ನಾಮಪದದಲ್ಲಿ ಇನ್ನೂ ತಮಾಷೆಯ ಸಂಗತಿ ಇದೆ. ‘ರಾಜ’ ಅನ್ನುವುದಕ್ಕೆ ‘ಮಲ್ಕಾ’, ‘ರಾಜರು’ ಅನ್ನುವುದಕ್ಕೆ ‘ಮಲ್ಕೇ’. ಸ್ವರಗಳನ್ನು ಬರೆಯದೆ ಬಿಡುವ ಬರವಣಿಗೆಯಲ್ಲಿ ಎರಡಕ್ಕೂ ಅವೇ ನಾಲ್ಕು ಅಕ್ಷರ. ಮೀಮ್, ಲಾಮದ್, ಕಾಫ್, ಆಲಫ್. ಹಾಗಾದರೆ ಓದುವವನಿಗೆ ಗೊತ್ತಾಗುವುದು ಹೇಗೆ? ಬಹುವಚನ ಆದರೆ ಪದದ ಮೇಲೆ ಅಕ್ಕಪಕ್ಕ ಎರಡು ಚುಕ್ಕೆ ಇಡುತ್ತಾರೆ. ಹೆಸರು ‘ಸ್ಯಾಮೇ’. ದಿನಾಂಕ ಇರುವ ಅತ್ಯಂತ ಹಳೆಯ ಸಿರಿಯಾಕ್ ಹಸ್ತಪ್ರತಿ ಕ್ರಿ.ಶ. 411ರಲ್ಲಿ ಎಡೆಸ್ಸಾದಲ್ಲಿ ಬರೆದದ್ದು, ಅದರಲ್ಲೇ ಈ ಚುಕ್ಕೆಗಳಿವೆ. ‘ರೇಶ್’ ಅಕ್ಷರಕ್ಕೆ ಮೊದಲೇ ಮೇಲೊಂದು ಚುಕ್ಕೆ ಇರುತ್ತದೆ. ಕೆಳಗೆ ಇಟ್ಟರೆ ಅದೇ ಆಕಾರ ‘ದಾಲಥ್’ ಆಗಿಬಿಡುತ್ತದೆ. ಬಹುವಚನದ ಪದದಲ್ಲಿ ರೇಶ್ ಇದ್ದರೆ ಬರಹಗಾರ ಸಾಮಾನ್ಯವಾಗಿ ಸ್ಯಾಮೇಯನ್ನು ಅದರ ತಲೆ ಮೇಲೇ ತಂದಿಡುತ್ತಾನೆ, ರೇಶ್‌ನ ಚುಕ್ಕೆಯೂ ಅದರಲ್ಲೇ ಸೇರಿಹೋಗುತ್ತದೆ. ‘ತೂರಾ’ ಅಂದರೆ ಬೆಟ್ಟ, ‘ತೂರೇ’ ಅಂದರೆ ಬೆಟ್ಟಗಳು. ರೇಶ್ ಮೇಲೆ ಒಂದು ಚುಕ್ಕೆಯೋ ಎರಡೋ ಅನ್ನುವುದಷ್ಟೇ ವ್ಯತ್ಯಾಸ. ಹೊಸದಾಗಿ ಕಲಿಯುವವರು ಈ ಚುಕ್ಕೆಗಳನ್ನು ಅಲಂಕಾರ ಅಂತ ದಾಟಿಹೋಗಬಾರದು. ವ್ಯಾಕರಣ ಅಲ್ಲೇ ಕೂತಿದೆ.

‘ಮಲ್ಕಾ’ದ ಕೊನೆಯ ‘ಆ’ ಎಲ್ಲಿಂದ ಬಂತು? ಇದು ನನಗೆ ಇಡೀ ಅರಾಮಿಕ್‌ನಲ್ಲೇ ಜಾಸ್ತಿ ಇಷ್ಟವಾದ ಕತೆ. ಹಳೆಯ ಅರಾಮಿಕ್‌ನಲ್ಲಿ ನಾಮಪದಕ್ಕೆ ಮೂರು ಸ್ಥಿತಿ. ಬಾಲವಿಲ್ಲದೆ ನಿಂತರೆ ‘ಒಬ್ಬ ರಾಜ’. ಮುಂದಿನ ಪದಕ್ಕೆ ಒರಗಿ ನಿಂತರೆ ‘ಇಂಥದ್ದರ ರಾಜ’. ‘ಆ’ ಸೇರಿಸಿದರೆ ‘ಆ ರಾಜ’, ನಮ್ಮಿಬ್ಬರಿಗೂ ಗೊತ್ತಿರುವವನು. ಕನ್ನಡದಲ್ಲಿ ‘ಪುಸ್ತಕ ಓದಿದೆ’ ಮತ್ತು ‘ಪುಸ್ತಕವನ್ನು ಓದಿದೆ’ ನಡುವೆ ಇರುವ ಸಣ್ಣ ವ್ಯತ್ಯಾಸವನ್ನು ಅವರು ಈ ‘ಆ’ದಿಂದ ಹೇಳುತ್ತಿದ್ದರು. ಪರ್ಷಿಯಾದ ಅಖೆಮೆನಿಡ್ ಸಾಮ್ರಾಜ್ಯದ ಕಚೇರಿ ಪತ್ರಗಳಲ್ಲಿ ಈ ಲೆಕ್ಕ ಚೆನ್ನಾಗಿ ಪಾಲನೆಯಾಗಿದೆ. ಬರಬರುತ್ತಾ ಪೂರ್ವದ ಉಪಭಾಷೆಗಳಲ್ಲಿ ಜನ ಎಲ್ಲದಕ್ಕೂ ‘ಆ’ ಹಚ್ಚಲು ಶುರು ಮಾಡಿದರು. ಎಲ್ಲ ಕಡೆ ಇರುವ ಗುರುತು ಯಾವುದನ್ನೂ ಗುರುತಿಸುವುದಿಲ್ಲ. ಸಿರಿಯಾಕ್‌ಗೆ ಬರುವಷ್ಟರಲ್ಲಿ ‘ಮಲ್ಕಾ’ ಅಂದರೆ ಸುಮ್ನೆ ರಾಜ. ಶ್ಲೀಹಾ, ಸ್ಲೀವಾ, ಮಾಲಾಖಾ ಇವುಗಳ ಕೊನೆಯ ದೀರ್ಘ ಅದೇ ಕೆಲಸ ಕಳೆದುಕೊಂಡ ‘ಆ’. ಮಲಯಾಳಕ್ಕೆ ಬಂದ ಮೇಲೆ ಅದು ಪದದ ಮೈಯೇ ಆಗಿಬಿಟ್ಟಿತು, ಮೇಲೆ ಮಲಯಾಳದ ಬಹುವಚನ ಸೇರಿ ‘ಶ್ಲೀಹನ್ಮಾರ್’ ಆಯಿತು.

ಬಾಲವಿಲ್ಲದ ಹಳೆಯ ರೂಪಗಳು ಊರ ಹೆಸರುಗಳಲ್ಲಿ ಉಳಿದುಕೊಂಡಿವೆ. ಆಗ್ನೇಯ ಟರ್ಕಿಯಲ್ಲಿ ಮಿದ್ಯಾತ್ ಸುತ್ತಮುತ್ತ ‘ತೂರ್ ಅಬ್ದೀನ್’ ಅನ್ನುವ ಗುಡ್ಡಗಾಡು ಇದೆ. ‘ತೂರ್’ ಅಂದರೆ ಮುಂದಿನ ಪದಕ್ಕೆ ಒರಗಿ ನಿಂತ ‘ಬೆಟ್ಟ’. ‘ಅಬ್ದೀನ್’ ಅಂದರೆ ಸೇವಕರು, ಹಳೆಯ ‘ಈನ್’ ಬಹುವಚನ. ದೇವರ ಸೇವಕರ ಬೆಟ್ಟ ಅಂತ ಅರ್ಥ ಹೇಳುತ್ತಾರೆ. ಅಲ್ಲಿನ ಜನ ಇವತ್ತಿಗೂ ಆಡುವ ಅರಾಮಿಕ್‌ಗೆ ‘ತೂರೋಯೋ’ ಅಂತ ಹೆಸರು, ಬೆಟ್ಟದ್ದು ಅಂತ. ಅವರು ‘ಆ’ವನ್ನು ‘ಓ’ ಮಾಡಿಕೊಂಡಿದ್ದಾರೆ. ಕೇರಳದಲ್ಲೂ ಈ ಎರಡು ಉಚ್ಚಾರ ಇವೆ. ಪೂರ್ವ ಸಂಪ್ರದಾಯದವರ ‘ಮಾರ್’, ಪಶ್ಚಿಮ ಸಂಪ್ರದಾಯದ ಯಾಕೋಬಾಯರ ‘ಬಾರೆಕ್‌ಮೋರ್’ (ನನ್ನ ಒಡೆಯ, ಹರಸು) ಅನ್ನುವುದರಲ್ಲಿ ‘ಮೋರ್’ ಆಗಿದೆ.

ತೂರೋಯೋ ಇನ್ನೊಂದು ಕೆಲಸ ಮಾಡಿತು. ಹಿಂದಿನ ‘ಆ’ ಸತ್ತ ಮೇಲೆ ‘ಆ ಮನೆ’ ಅನ್ನುವುದಕ್ಕೆ ಏನಾದರೂ ಬೇಕಲ್ಲ. ‘ಅವನು, ಅವಳು’ ಥರದ ನಿರ್ದೇಶಕ ಪದಗಳನ್ನು ಸವೆಸಿ ಪದದ ಮುಂದೆ ಇಟ್ಟುಕೊಂಡಿತು. ‘ಬೈತೋ’ ಮನೆ, ‘ಉ ಬೈತೋ’ ಆ ಮನೆ. ‘ಕ್ರೀತೋ’ ಹಳ್ಳಿ, ‘ಇ ಕ್ರೀತೋ’ ಆ ಹಳ್ಳಿ. ಗಂಡಿಗೆ ‘ಉ’, ಹೆಣ್ಣಿಗೆ ‘ಇ’.

ಈಗ ‘ಕ್ಥೀವ್’ಗೆ ಬರೋಣ. ಇರಾಕಿನ ಉತ್ತರದಲ್ಲಿ, ಇರಾನಿನ ಉರ್ಮಿಯಾದಲ್ಲಿ, ಅಲ್ಲಿಂದ ಚಿಕಾಗೋಗೆ ಹೋದವರ ಮನೆಗಳಲ್ಲಿ ಆಡುವ ಅರಾಮಿಕ್‌ಗೆ ‘ಸೂರೆತ್’ ಅನ್ನುತ್ತಾರೆ. ಅದರಲ್ಲಿ ‘ನಾನು ಬರೆದೆ’ ಅನ್ನುವುದಕ್ಕೆ ‘ಕ್ತಿವ್‌ಲಿ’. ಅವನು ಬರೆದ, ‘ಕ್ತಿವ್‌ಲೆ’. ಅವಳು ಬರೆದಳು, ‘ಕ್ತಿವ್‌ಲಾ’. ಹಳೆಯ ‘ಕ್ಥವ್’ ಅನ್ನುವ ಭೂತಕಾಲ ಪೂರ್ತಿ ಮಾಯ. ಅದರ ಜಾಗದಲ್ಲಿ ಕೂತಿರುವುದು ‘ಕ್ಥೀವ್ ಲೀ’: ಬರೆಯಲ್ಪಟ್ಟದ್ದು, ನನಗೆ. ಶ್ಲೀಹಾದಲ್ಲಿದ್ದ ಅದೇ ‘ಈ’, ಜೊತೆಗೆ ಚತುರ್ಥಿ ವಿಭಕ್ತಿ. ‘ನನಗೆ’ ಅನ್ನುವುದು ಕ್ರಿಯಾಪದದ ಬಾಲ ಆಗಿಬಿಟ್ಟಿದೆ!

ಇದರ ಮೊಳಕೆ ಎಷ್ಟು ಹಳೆಯದು ಗೊತ್ತಾ? ಕ್ರಿ.ಪೂ. 5ನೇ ಶತಮಾನದಲ್ಲಿ ಈಜಿಪ್ಟನ್ನು ಆಳುತ್ತಿದ್ದ ಪರ್ಷಿಯನ್ ಅಧಿಕಾರಿ ಅರ್ಶಾಮ ಕಳಿಸಿದ ತೊಗಲಿನ ಪತ್ರಗಳು ಸಿಕ್ಕಿವೆ. ಅದರಲ್ಲಿ ‘ಶ್ಮೀಅ ಲೀ’ ಅಂತ ಬರುತ್ತದೆ. ಕೇಳಲ್ಪಟ್ಟಿದೆ, ನನಗೆ. ಹಳೆಯ ಪಾರ್ಸಿಯಲ್ಲಿ ಹೀಗೆ ಹೇಳುವ ರೂಢಿ ಇತ್ತು, ಕಚೇರಿಯ ಅರಾಮಿಕ್‌ಗೆ ಅಲ್ಲಿಂದ ಬಂದಿರಬೇಕು ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ನನಗೆ ಕೇಳಿಸಿತು’, ‘ನನಗೆ ಗೊತ್ತು’, ‘ನನಗೆ ಬೇಕು’ ಅಂತ ದಿನವಿಡೀ ಅನ್ನುತ್ತೇವೆ. ನಮ್ಮಲ್ಲಿ ಅದು ಕೇಳುವುದು, ತಿಳಿಯುವುದು, ಬೇಕಾಗುವುದರಲ್ಲೇ ನಿಂತಿತು. ಅರಾಮಿಕ್‌ನಲ್ಲಿ ಕೇಳುವುದರಿಂದ ಶುರುವಾಗಿ ಬರೆಯುವುದು, ತಿನ್ನುವುದು, ಕೊಲ್ಲುವುದು ಎಲ್ಲವನ್ನೂ ಆವರಿಸಿತು.

ನಮ್ಮ ನೆಲದಲ್ಲೇ ಇದಕ್ಕೆ ಒಂದು ಸಾಕ್ಷಿ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದರು. ಅದರ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ: ‘ಚಪಡೇನ ಲಿಖಿತೇ ಲಿಪಿಕರೇಣ’. ಇಡೀ ಶಾಸನ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. ‘ಲಿಪಿಕರೇಣ’ ಅನ್ನುವ ಒಂದು ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಖರೋಷ್ಠಿ ಹುಟ್ಟಿದ್ದು ಅರಾಮಿಕ್ ಲಿಪಿಯಿಂದ. ಚಪಡ ವಾಯವ್ಯದ ಕಡೆ ಕಲಿತವನಿರಬೇಕು. ಆ ವಾಕ್ಯದ ರಚನೆ ನೋಡಿ. ಚಪಡ ಬರೆದ ಅಂತಿಲ್ಲ, ಚಪಡನಿಂದ ಬರೆಯಲ್ಪಟ್ಟದ್ದು ಅಂತಿದೆ. ಪ್ರಾಕೃತದಲ್ಲಿ ತೃತೀಯಾ, ಅರಾಮಿಕ್‌ನಲ್ಲಿ ಚತುರ್ಥಿ, ಅಷ್ಟೇ ಫರಕು. ಮೊಳಕಾಲ್ಮೂರು ತಾಲೂಕಿನ ಆ ಬಂಡೆಯ ಮೇಲೆ ಆ ಪದವನ್ನು ನೋಡಿದವರು ಅರಾಮಿಕ್ ಲಿಪಿಯ ಒಂದು ಕವಲನ್ನು ಕಣ್ಣಾರೆ ಕಂಡ ಹಾಗೆ.

ಬಾಲಗಳು ಕಲ್ಲಾಗಿ ನಿಂತ ಉದಾಹರಣೆಯೂ ಇದೆ. ಸಾಸಾನಿಯನ್ ಕಾಲದ, ಅಂದರೆ ಕ್ರಿ.ಶ. 224ರಿಂದ 651ರವರೆಗಿನ, ಪರ್ಷಿಯನ್ ಬರಹಗಾರರು ‘ಮಲ್ಕಾ’ ಅಂತ ಅರಾಮಿಕ್‌ನಲ್ಲಿ ಬರೆದು ‘ಶಾಹ್’ ಅಂತ ಓದುತ್ತಿದ್ದರು. ‘ಲಹ್ಮಾ’ ಅಂತ ಬರೆದು ‘ನಾನ್’ ಅಂತ ಓದುತ್ತಿದ್ದರು, ನಾವು ಹೋಟೆಲಿನಲ್ಲಿ ತಿನ್ನುವ ಅದೇ ನಾನ್. ಕ್ರಿಯಾಪದಕ್ಕೆ ಅವರು ಮಾಡಿದ್ದು ಇನ್ನೂ ವಿಚಿತ್ರ. ‘ಅವರು ಬರೆಯುತ್ತಾರೆ’ ಅನ್ನುವ ಅರಾಮಿಕ್ ರೂಪವನ್ನು ಇಡಿಯಾಗಿ ಎತ್ತಿಕೊಂಡು, ಅದರ ಬಾಲಕ್ಕೆ ಪಾರ್ಸಿಯ ಬಾಲ ಹಚ್ಚಿ, ‘ನಿಬಿಷ್ಟನ್’, ಬರೆಯುವುದು, ಅಂತ ಓದುತ್ತಿದ್ದರು. ಒಳಗಿನ ಬಹುವಚನದ ಪ್ರತ್ಯಯಕ್ಕೆ ಅಲ್ಲಿ ಯಾವ ಅರ್ಥವೂ ಉಳಿದಿರಲಿಲ್ಲ.

ಸೂರೆತ್‌ನ ಇನ್ನೊಂದು ಪದ ಹೇಳಲೇಬೇಕು. ಧನ್ಯವಾದ ಹೇಳಲು ಗಂಡಸಿಗೆ ‘ಬಸೀಮಾ’, ಹೆಂಗಸಿಗೆ ‘ಬಸೀಮ್ತಾ’, ಹಲವರಿಗೆ ‘ಬಸೀಮೇ’. ಬ-ಸ-ಮ ಧಾತುವಿನ ಮೂಲ ಅರ್ಥ ಪರಿಮಳ, ಹಿತ. ‘ಬೆಸ್ಮಾ’ ಅಂದರೆ ಧೂಪ. ಹಾಗೇ ‘ನಿನಗೆ ನೆಮ್ಮದಿ’ ಅನ್ನಲು ‘ಶ್ಲಾಮಾ ಲೋಖ್’ ಗಂಡಿಗೆ, ‘ಶ್ಲಾಮಾ ಲಾಖ್’ ಹೆಣ್ಣಿಗೆ, ‘ಶ್ಲಾಮಾ ಲೋಖುನ್’ ಎಲ್ಲರಿಗೆ.

ಆ ‘ಖುನ್’ನ ಅಜ್ಜ ನಮ್ಮ ನೆಲ್ಯಾಡಿಯಲ್ಲೂ ಇದ್ದಾನೆ. 1962ರವರೆಗೆ ಕೇರಳದ ಸಿರಿಯನ್ ಕ್ಯಾಥೊಲಿಕರ ಸಿರೋ-ಮಲಬಾರ್ ಸಭೆಯ ಕುರ್ಬಾನ ಸಿರಿಯಾಕ್‌ನಲ್ಲೇ ನಡೆಯುತ್ತಿತ್ತು, ಆಮೇಲೆ ಮಲಯಾಳ ಬಂತು. ಸಿರಿಯಾಕ್ ಕುರ್ಬಾನದ ಶುರುವಿನಲ್ಲಿ ಪಾದ್ರಿ ‘ಪುಕ್‌ದಾನ್‌ಕೋನ್’ ಅನ್ನುತ್ತಾರೆ. ‘ಪುಕ್‌ದಾನಾ’ ಅಂದರೆ ಅಪ್ಪಣೆ, ‘ಕೋನ್’ ಅಂದರೆ ನಿಮ್ಮ. ನಿಮ್ಮ ಅಪ್ಪಣೆ. ಜನ ಉತ್ತರ ಕೊಡುತ್ತಾರೆ: ‘ಪುಕ್‌ದಾನೇಹ್ ದಮ್ಶೀಹಾ’. ಅವನ-ಅಪ್ಪಣೆ, ಮ್ಶೀಹಾನ. ಸಿರಿಯಾಕ್‌ಗೆ ಈ ಅಭ್ಯಾಸ ಇದೆ, ಮೊದಲು ‘ಅವನ’ ಅಂದುಬಿಟ್ಟು ಆಮೇಲೆ ಯಾರ ಅಂತ ಹೇಳುತ್ತದೆ. ಎರಡು ಸಾಲು, ಎರಡು ಬಾಲ. ಒಂದು ‘ನಿಮ್ಮ’, ಇನ್ನೊಂದು ‘ಅವನ’. ನಿಮ್ಮ ಅಪ್ಪಣೆಯೇ ಅಂತ ಕೇಳಿದರೆ ಕ್ರಿಸ್ತನ ಅಪ್ಪಣೆ ಅಂತ ಉತ್ತರ. ಇಡೀ ಸಂಭಾಷಣೆ ಪ್ರತ್ಯಯದಲ್ಲೇ ನಡೆದುಹೋಗುತ್ತದೆ.

1962ಕ್ಕೆ ಮುಂಚೆ ಈ ಸಾಲುಗಳನ್ನು ಬಾಯಿಪಾಠ ಮಾಡಿದ್ದ ಹಿರಿಯರು ನೆಲ್ಯಾಡಿ, ಕಡಬ ಕಡೆಯ ಮನೆಗಳಲ್ಲಿ ಈಗಲೂ ಇದ್ದಾರೆ. ಎಂಬತ್ತು ದಾಟಿದವರು. ಅರ್ಥ ಗೊತ್ತಿರದಿದ್ದರೂ ಉಚ್ಚಾರ ಗಟ್ಟಿ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಿಧಾನವಾಗಿ, ಒಂದೊಂದು ಪದದ ಕೊನೆಯೂ ಕೇಳಿಸುವ ಹಾಗೆ ಹೇಳಿಸಿ. ಕನ್ನಡದಲ್ಲಿ ಬರೆದಿಡುವವರು ‘ಕೋನ್’ ಮತ್ತು ‘ಏಹ್’ ಬಿಡಬೇಡಿ. ನನಗೆ ಕಳಿಸಿದರೆ ಕೂತು ಪದ ಬಿಡಿಸಿ ಕೊಡುತ್ತೇನೆ.